ಅಕ್ಕನ ಒಂದು ಪ್ರಶ್ನೆ

ಮನಶ್ಶಾಸ್ತ್ರವೆಂದೊಡನೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮುಖಗಳು ಕಾಣಿಸುತ್ತವೆ. ಹಿರಿಯರಾದರೋ ಅದು ಹುಚ್ಚಾಸ್ಪತ್ರೆಗೆ ಸೇರಿದ ವಿಷಯ, ಅದರ ಮಾತು ಹೊಸ್ತಿಲೊಳಗೆ ಬರುವುದು ಬೇಡ ಎಂದು ಮುಖ ತಿರುಗಿಸುವರು. ಕಿರಿಯರಿಗೆ ಅದು ಎದುರಿಗೆ ಕುಳಿತವರ ಮನಸ್ಸನ್ನು ಓದಿಬಿಡುವ ಒಂದು ತರಹದ ಜಾದೂ. ಬಸ್ಸಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರ ಪಕ್ಕದಲ್ಲಿ ಕುಳಿತವರು ತಮ್ಮ ಅಂಗೈಯನ್ನು ಅವರ ಮುಂದೆ ಚಾಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಪ, ಅವರು ಕೈಯನ್ನೂ ನೋಡಿದರು, ಮುಂದಿನ ನಿಲ್ದಾಣದಲ್ಲಿ ಇಳಿದೂ ಹೋದರು.

ಹಾಗೆಂದು ಕನ್ನಡದ ವಾಚಕರಿಗೆ ಈ ಶಾಸ್ತ್ರದ ಗಂಧವೇ ಇಲ್ಲವೆಂದಲ್ಲ. 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿ ನಾಡನ್ನೆಲ್ಲ ನಗಿಸಿದ ಡಾ. ಎಂ. ಶಿವರಾಂ, ನಮ್ಮೆಲ್ಲರ ‘ರಾಶಿ’, ಅದೇ ಲೇಖನಿಯಿಂದ ಮನಸ್ಸಿನ ಬೇನೆಗಳನ್ನು ಕುರಿತೂ ಬರೆದರು. ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದಕ್ಕೂ ಬಹಳ ಹಿಂದೆ, 1924ರಲ್ಲಿಯೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಯನಕ್ಕೆ ಒಂದು ವಿಭಾಗ ತೆರೆದಿತ್ತು. ಅದನ್ನು ಕಟ್ಟಿ ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರನ್ನು ಜನ ಇಂದು ನೆನೆಯುವುದು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯ ಪ್ರಸಾರವನ್ನು ಆರಂಭಿಸಿದ ಸಾಹಸಕ್ಕಾಗಿ. ಅವರ ಮುಖ್ಯ ವೃತ್ತಿ ಮನಸ್ಸನ್ನು ಅಳೆಯುವುದಾಗಿತ್ತೆಂಬುದು ಹಿಂದೆ ಸರಿದುಬಿಟ್ಟಿದೆ. ರೇಡಿಯೋದ ಸದ್ದಿನ ಮುಂದೆ ಮನಸ್ಸಿನ ಸದ್ದು ಕೇಳಿಸೀತೆ?

ಕನ್ನಡ ಎಂ.ಎ. ಮಾಡಿ, ಹಳಗನ್ನಡವನ್ನು ಬಿಡಿಸಿ ಹೇಳುವುದರಲ್ಲಿ ಹೊಟ್ಟೆ ಹೊರೆಯುತ್ತಿರುವ ನನಗೆ ಈ ಶಾಸ್ತ್ರದ ಬಾಗಿಲನ್ನು ತಟ್ಟುವ ಪ್ರಸಂಗ ಬಂದದ್ದು ನನ್ನ ಅಕ್ಕನಿಂದ. ಅಕ್ಕನ ಮನೆ ಗೊಳಸಂಗಿಯಲ್ಲಿ. ಗೊಳಸಂಗಿ ಎಲ್ಲಿದೆ ಎಂದು ಬೆಂಗಳೂರಿನ ಮಿತ್ರರು ಕೇಳುವುದುಂಟು. ಬಸವಣ್ಣನವರ ಬಾಗೇವಾಡಿಯ ಸೀಮೆ, ವಿಜಯಪುರ ಜಿಲ್ಲೆ ಎಂದರೆ ಅರ್ಧ ತಿಳಿಯುತ್ತದೆ. ಕೂಡಗಿಯ ವಿದ್ಯುತ್ ಸ್ಥಾವರದ ನೆರೆ ಎಂದರೆ ಉಳಿದರ್ಧ ತಿಳಿಯುತ್ತದೆ. 2400 ಮೆಗಾವಾಟ್ ಶಕ್ತಿಯ ಆ ಸ್ಥಾವರದ ಚಿಮಣಿಗಳು ಎರೆಹೊಲಗಳ ಮೇಲೆ ಎದ್ದು ನಿಂತಿವೆ. ಅವುಗಳ ಕೆಳಗೆ ಹಿಂಗಾರಿ ಜೋಳ ಎಂದಿನಂತೆ ತೆನೆ ಬಿಡುತ್ತದೆ.

ಅಕ್ಕನ ಮಗನಿಗೆ ಹನ್ನೊಂದು ವರ್ಷ, ಐದನೆಯ ಇಯತ್ತೆ. ಹುಡುಗ ಚುರುಕು. ಮನೆಯಿಂದ ಯಾರ ಯಾರ ಮನೆಗೆ ಎಷ್ಟು ಲೀಟರು ಹಾಲು ಹೋಯಿತು, ತಿಂಗಳಿಗೆ ಎಷ್ಟಾಯಿತು, ಯಾರು ಕೊಟ್ಟರು, ಯಾರು ಮುಂದಿನ ವಾರವೆಂದರು, ಎಲ್ಲವೂ ಅವನ ನಾಲಗೆಯ ತುದಿಯಲ್ಲಿ. ಕೇಳಿದ ಕಥೆಯನ್ನು ಮರುದಿನ ಇನ್ನಷ್ಟು ಬಣ್ಣ ಕಟ್ಟಿ ಹೇಳಬಲ್ಲ. ಆದರೆ ಪುಸ್ತಕ ತೆರೆದರೆ ಆ ಹುಡುಗನೇ ಬೇರೆ. ‘ಕಮಲ’, ‘ಬಸವ’ ಎಂಬಂಥ ಮಾತುಗಳು ಹೇಗೋ ದಾಟುತ್ತವೆ. ಕೊಂಬು, ಗುಡಿಸು ಬಂದರೆ ಬೆರಳು ನಿಲ್ಲುತ್ತದೆ. ಒತ್ತಕ್ಷರ ಬಂದರೆ ಬೆವರುತ್ತಾನೆ. ‘ಸೂರ್ಯ’ ಎಂಬುದನ್ನು ‘ಸೂಯರ’ ಎನ್ನುತ್ತಾನೆ. ಸಾಲಿಯ ಮಾಸ್ತರರೊಬ್ಬರು ಅವನಿಗೆ ‘ದಡ್ಡ’ ಎಂಬ ಬಿರುದನ್ನು ಕೊಟ್ಟಾಗಿತ್ತು. ಬಿರುದು ಮನೆಗೂ ಬಂತು. ಭಾವನವರು, ಏಳನೆಯದು ಮುಗಿಯಲಿ, ಮುಂದೆ ನಿಡಗುಂದಿಯ ಯಾವುದಾದರೂ ಗ್ಯಾರೇಜಿನಲ್ಲಿ ಬಿಟ್ಟರಾಯಿತು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಹುಡುಗನಿಗೂ ಅದು ಗೊತ್ತಿತ್ತು. ಮಕ್ಕಳಿಗೆ ತಿಳಿಯದಂತೆ ಮನೆಯಲ್ಲಿ ಯಾವ ತೀರ್ಮಾನವೂ ಆಗುವುದಿಲ್ಲ.

“ತಮ್ಮಾ, ನೀ ಕನ್ನಡದಾಗ ಎಮ್ಮೆ ಮಾಡೀದಿ,” ಎಂದಳು ಅಕ್ಕ. (ನನ್ನ ಪದವಿಯನ್ನು ಅವಳು ಹೈನುಗಾರಿಕೆಗೆ ಸೇರಿಸಿ ಹನ್ನೆರಡು ವರ್ಷಗಳಾದವು.) “ಕನ್ನಡಾ ಓದಾಕ ಇವಗ ಯಾಕ ಬರವಲ್ದು, ಅದನ್ನರ ಹೇಳು. ಬಾಯಿಲೆ ಕೇಳಿದರ ಎಲ್ಲಾ ಹೇಳ್ತಾನ. ದಡ್ಡ ಇದ್ದಾಂವ ಹಾಲಿನ ಲೆಕ್ಕಾ ಹೆಂಗ ಇಡ್ತಾನ?”

ಈ ಪ್ರಶ್ನೆಯ ತರ್ಕವನ್ನು ವಾಚಕರು ಗಮನಿಸಬೇಕು. ಅಕ್ಕ ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಆ ಒಂದು ಮಾತಿನಲ್ಲಿ ಅವಳು ಮುಟ್ಟಿದ್ದು ವಿದ್ವಾಂಸರು ನೂರಿಪ್ಪತ್ತು ವರ್ಷಗಳಿಂದ ಬಿಡಿಸುತ್ತಿರುವ ಗಂಟನ್ನೇ. ಇದು ನನಗೆ ತಿಳಿದದ್ದು ಆಮೇಲೆ.

ಉತ್ತರ ಕೊಡಲು ಸಿದ್ಧರಿದ್ದವರಿಗೆ ಊರಿನಲ್ಲಿ ಬರವಿರಲಿಲ್ಲ. ಒಬ್ಬರು ದೃಷ್ಟಿಯಾಗಿದೆ ಎಂದರು. ಒಬ್ಬರು ಒಂದೆಲಗ ಕುಡಿಸಿ ಎಂದರು. ಮೊಬೈಲ್ ಫೋನಿನಲ್ಲಂತೂ ಸಲಹೆಗಳ ಜಾತ್ರೆ: ಮೆದುಳಿನ ಬಲಭಾಗವನ್ನು ಎಬ್ಬಿಸುವ ವಿದ್ಯೆ, ಕಣ್ಣಿಗೆ ಬಣ್ಣದ ಕನ್ನಡಕ, ಸ್ಮರಣಶಕ್ತಿಯ ಪುಡಿ. ಹೇಳುವವರ ಮುಖದಲ್ಲಿ ಮಾತ್ರ ಎಳ್ಳಷ್ಟೂ ಸಂದೇಹವಿರುವುದಿಲ್ಲ. ನನಗೆ ಬೇಕಾಗಿದ್ದುದು ಸಂದೇಹಪಡುವವರ ಮಾತು. ನಿನಗೆ ಇದು ಹೇಗೆ ತಿಳಿಯಿತು, ಎಷ್ಟು ಮಕ್ಕಳನ್ನು ನೋಡಿದೆ, ಯಾರೊಡನೆ ಹೋಲಿಸಿದೆ ಎಂಬ ಪ್ರಶ್ನೆಗಳಿಗೆ ಮೊದಲೇ ಲಿಖಿತ ಉತ್ತರ ಕೊಟ್ಟು, ಅದೇ ಶಾಸ್ತ್ರದ ಬೇರೆ ಪಂಡಿತರು ಓದಿ ತಿದ್ದಿದ ಮೇಲೆ ಅಚ್ಚಾಗುವ ಬರಹಕ್ಕೆ ವಿದ್ವತ್ ಲೇಖನವೆನ್ನುತ್ತಾರೆ. ಅಂಥದು ಬೇಕಾಗಿತ್ತು.

ನಮ್ಮ ಕಾಲೇಜಿನ ಗ್ರಂಥಪಾಲಕರು ಮಿತಭಾಷಿಗಳು. ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: “ಸರ್ರ, ಇದಕ್ಕ ಅವರ ಭಾಷಾದಾಗ ಏನಂತಾರ್ರೀ?”

‘ಅವರು’ ಎಂದರೆ ಇಂಗ್ಲಿಷರೆಂದಲ್ಲ, ಆ ಶಾಸ್ತ್ರದವರು. ಒಂದು ಡೇಟಾಬೇಸ್ ಎಂದರೆ ಪುಸ್ತಕದ ಕಪಾಟಲ್ಲ, ವಿಳಾಸದ ಪುಸ್ತಕ ಎಂದು ಅವರು ವಿವರಿಸಿದರು. ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿ ಯಾರು ಏನು ಬರೆದರೆಂಬುದು, ನಾಲ್ಕು ಸಾಲಿನ ಸಾರದೊಡನೆ ಅಲ್ಲಿ ದಾಖಲಾಗಿರುತ್ತದೆ. ಲೇಖನ ಅಲ್ಲಿಯೇ ಇದ್ದರೆ ಅದೃಷ್ಟ. ಇಲ್ಲವಾದರೆ ವಿಳಾಸ ಹಿಡಿದು ಹೊರಡಬೇಕು. ಮನಶ್ಶಾಸ್ತ್ರಕ್ಕೆ ಇಂಥ ಪಟ್ಟಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 1927ರಲ್ಲಿ ‘ಸೈಕಲಾಜಿಕಲ್ ಅಬ್‌ಸ್ಟ್ರಾಕ್ಟ್ಸ್’ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸತೊಡಗಿತು. 1967ರಲ್ಲಿ ಅದು ಯಂತ್ರ ಓದುವ ರೂಪಕ್ಕೆ ಬಂತು. ಇಂದು ಅದರ ಹೆಸರು ಸೈಕ್‌ಇನ್ಫೋ. ಅಚ್ಚಿನ ಸಂಪುಟಗಳು 2006ರಲ್ಲಿ ನಿಂತುಹೋದವು. ಅದನ್ನು ನೋಡಲು ಚಂದಾ ಕಟ್ಟಿದ ಗ್ರಂಥಾಲಯ ಬೇಕು. ವೈದ್ಯಕೀಯ ಲೇಖನಗಳ ಪಟ್ಟಿಯಾದ ಪಬ್‌ಮೆಡ್ ಮಾತ್ರ ಯಾರಿಗಾದರೂ ಪುಕ್ಕಟೆ. ಗೊಳಸಂಗಿಯ ಕಟ್ಟೆಯ ಮೇಲೆ ಕುಳಿತೂ ನೋಡಬಹುದು. ಗೂಗಲ್ ಸ್ಕಾಲರ್ 2004ರಿಂದ ಇದೆ. ಅದರ ಬಲೆ ದೊಡ್ಡದು, ಮೀನಿನ ಜೊತೆ ಕಸವೂ ಬರುತ್ತದೆ.

ಈಗ ಆ ಪ್ರಶ್ನೆಗೆ ಬರೋಣ. ‘ದಡ್ಡ’ ಎಂಬ ಮಾತಿಗೆ ಆ ವಿಳಾಸದ ಪುಸ್ತಕದಲ್ಲಿ ಮನೆಯಿಲ್ಲ. ‘ಓದಲು ಬರುವುದಿಲ್ಲ’ ಎಂಬುದಕ್ಕೆ ನೂರು ಮನೆಗಳಿವೆ: ಸಾಲಿಗೇ ಹೋಗದವರು, ಕಣ್ಣು ಕಾಣದವರು, ಪಾರ್ಶ್ವವಾಯುವಾದ ಮೇಲೆ ಓದು ಮರೆತವರು. ಬುದ್ಧಿ ಚುರುಕಾಗಿದ್ದೂ, ಕಣ್ಣು ಕಿವಿ ನೆಟ್ಟಗಿದ್ದೂ, ಸಾಲಿಗೆ ಹೋಗಿಯೂ ಓದು ಹತ್ತದ ಸ್ಥಿತಿಗೆ ಬೇರೆಯೇ ಹೆಸರು. ಹೆಸರಾದರೂ ಒಂದೇ ಇದೆಯೇ? ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ 1880ರ ದಶಕದಲ್ಲಿ ‘ಡಿಸ್ಲೆಕ್ಸಿಯಾ’ ಎಂದರು. ಕೆಲವರು ‘ರೀಡಿಂಗ್ ಡಿಸೆಬಿಲಿಟಿ’ ಎಂದರು. ಈಚಿನವರು ‘ಸ್ಪೆಸಿಫಿಕ್ ಲರ್ನಿಂಗ್ ಡಿಸಾರ್ಡರ್’ ಎನ್ನುತ್ತಾರೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎಣಿಸುವ 21 ನ್ಯೂನತೆಗಳಲ್ಲಿ ಅದೂ ಒಂದು. ಒಂದೇ ಊರಿಗೆ ಸರಕಾರಿ ಹೆಸರು, ಜನರ ಹೆಸರು, ರೈಲ್ವೆ ನಿಲ್ದಾಣದ ಹೆಸರು ಬೇರೆ ಬೇರೆ ಇದ್ದಹಾಗೆ. ಟಿಕೇಟು ಕೊಳ್ಳುವವನಿಗೆ ಮೂರೂ ಗೊತ್ತಿರಬೇಕು. ಈ ಗೊಂದಲ ತಪ್ಪಿಸಲೆಂದೇ ಸೈಕ್‌ಇನ್ಫೋದವರು 1974ರಲ್ಲಿ ಒಂದು ಪದಕೋಶ ಹೊರಡಿಸಿದರು. ಲೇಖಕ ಯಾವ ಮಾತನ್ನೇ ಬಳಸಿರಲಿ, ಪಟ್ಟಿಗೆ ಸೇರಿಸುವವರು ಅದನ್ನು ಒಂದು ಗೊತ್ತಾದ ಪದದ ಕೆಳಗೆ ಇಡುತ್ತಾರೆ. ಪಬ್‌ಮೆಡ್‌ಗೂ ಅಂಥದೇ ಒಂದು ಪದಕೋಶವಿದೆ. ನಿಘಂಟು ನೋಡುವ ಅಭ್ಯಾಸವಿರುವ ಕನ್ನಡ ಮಾಸ್ತರಿಗೆ ಈ ಭಾಗ ಕಷ್ಟವಾಗಲಿಲ್ಲವೆಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ಪದಗಳು ಸಿಕ್ಕ ಮೇಲೆ ಅವನ್ನು ಹೊಸೆಯಬೇಕು. ಇದಕ್ಕೆ ಜಾರ್ಜ್ ಬೂಲ್ ಎಂಬ ಗಣಿತಜ್ಞನ ಋಣ ಇದೆ. 1854ರಲ್ಲಿ ಆತ ಮನುಷ್ಯನ ವಿಚಾರದ ನಿಯಮಗಳನ್ನು ಗಣಿತಕ್ಕೆ ಇಳಿಸಿ ಒಂದು ಗ್ರಂಥ ಬರೆದ. ಇಂದು ಹುಡುಕುವವರೆಲ್ಲ ಬಳಸುವ ‘ಆಂಡ್’, ‘ಆರ್’, ‘ನಾಟ್’ ಎಂಬ ಮೂರು ಪುಟ್ಟ ಮಾತುಗಳು ಅಲ್ಲಿಂದ ಬಂದವು. ಒಂದೇ ಅರ್ಥದ ಪದಗಳ ನಡುವೆ ‘ಆರ್’ ಹಾಕಿ ಕಂಸದಲ್ಲಿ ಕಟ್ಟಿದರೆ ಬಾಗಿಲು ಅಗಲವಾಗುತ್ತದೆ; ‘ಆಂಡ್’ ಹಾಕಿ ಇನ್ನೊಂದು ವಿಷಯ ಸೇರಿಸಿದರೆ ಕಿರಿದಾಗುತ್ತದೆ. ಪದದ ಬುಡವನ್ನು ಮಾತ್ರ ಬರೆದು ಒಂದು ನಕ್ಷತ್ರ ಚಿಹ್ನೆ ಇಟ್ಟರೆ ಅದರ ಪ್ರತ್ಯಯಗಳೆಲ್ಲ ಹಿಂದೆಯೇ ಬರುತ್ತವೆ. ವಿಭಕ್ತಿಗಳ ನಾಡಿನವರಾದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ‘ನಾಟ್’ ಎಂಬುದನ್ನು ಮಾತ್ರ ಜೋಪಾನವಾಗಿ ಬಳಸಿ ಎಂದು ಗ್ರಂಥಪಾಲಕರ ಎಚ್ಚರಿಕೆ. ದೊಡ್ಡವರ ವಿಷಯ ಬೇಡವೆಂದು ತಳ್ಳಿದರೆ, ದೊಡ್ಡವರನ್ನೂ ಮಕ್ಕಳನ್ನೂ ಒಟ್ಟಿಗೆ ನೋಡಿದ ಒಳ್ಳೆಯ ಲೇಖನವೂ ಅದರೊಡನೆ ಹೊರಗೆ ಹೋಗುತ್ತದೆ.

‘ಡಿಸ್ಲೆಕ್ಸಿಯಾ’ ಎಂದಷ್ಟೇ ಕೊಟ್ಟರೆ ಸಾವಿರಗಟ್ಟಲೆ ಲೇಖನಗಳು ಉರುಳುತ್ತವೆ; ಒಂದು ಜನ್ಮಕ್ಕೆ ಸಾಲವು. ಅವುಗಳಲ್ಲಿ ಅತ್ಯಂತ ಹಳೆಯದನ್ನು ಮೊದಲು ತೆರೆದೆ. ಹಳೆಯದರ ಚಾಪಲ್ಯ ನಮ್ಮ ವೃತ್ತಿಯವರಿಗೆ ಸಹಜ. ಇಂಗ್ಲೆಂಡಿನ ಸೀಫೋರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್, 1896ರ ನವೆಂಬರ್ 7ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದ ಪುಟ್ಟ ಟಿಪ್ಪಣಿ ಅದು. ಹಳೆಯ ಸಂಚಿಕೆಗಳನ್ನೆಲ್ಲ ಈಗ ಪುಕ್ಕಟೆ ಓದುವಂತೆ ಮಾಡಿದ್ದಾರೆ. ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗ. ಕಣ್ಣು ಚೆನ್ನಾಗಿದೆ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಏಳು ವರ್ಷ ವಯಸ್ಸಿನಿಂದ ಪಾಠ ಹೇಳಿಸಿಕೊಂಡಿದ್ದಾನೆ. ಓದು ಮಾತ್ರ ಬರದು. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆದ. ಆದರೆ 749ನ್ನು 867ರಿಂದ ಗುಣಿಸು ಎಂದರೆ ತಡಮಾಡದೆ ಸರಿಯಾದ ಉತ್ತರ ಕೊಟ್ಟ. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಸಾಲಿಯಲ್ಲಿ ಇವನನ್ನು ಮೀರಿಸುವವರಿಲ್ಲ ಎಂಬುದು ಅವನ ಮಾಸ್ತರರ ಅಭಿಪ್ರಾಯವೆಂದು ವೈದ್ಯರು ದಾಖಲಿಸಿದ್ದಾರೆ.

ಅಕ್ಕ ಕೇಳಿದ್ದು ಇದನ್ನೇ ಅಲ್ಲವೆ? ಹಾಲಿನ ಲೆಕ್ಕ ಇಡುವವನು ದಡ್ಡ ಹೇಗಾದಾನು?

ಆದರೆ ಪರ್ಸಿ ಓದಬೇಕಾಗಿದ್ದುದು ಇಂಗ್ಲಿಷನ್ನು. ಬರೆದಂತೆ ಓದದ, ಓದಿದಂತೆ ಬರೆಯದ ಆ ಭಾಷೆಯಲ್ಲಿ ಹುಡುಗನೊಬ್ಬ ಎಡವಿದರೆ ಆಶ್ಚರ್ಯವೇನು? ಕನ್ನಡವೋ, ನುಡಿದಂತೆ ಬರೆಯುವ ಭಾಷೆಯೆಂದು ನಾವು ಬೀಗುವವರು. ಇಲ್ಲಿಯೂ ಹೀಗಾಗುತ್ತದೆಯೇ? ಇದನ್ನು ಯಾರಾದರೂ ನೋಡಿದ್ದಾರೆಯೇ? ‘ಆಂಡ್’ ಹಾಕಿ ‘ಕನ್ನಡ’ ಎಂಬ ಪದವನ್ನು ರೋಮನ್ ಲಿಪಿಯಲ್ಲಿ ಸೇರಿಸಿದೆ. ಸಾವಿರಗಳು ಕರಗಿ ಬೆರಳೆಣಿಕೆಯಲ್ಲದಿದ್ದರೂ ಒಂದು ವಾರದಲ್ಲಿ ಕಣ್ಣಾಡಿಸಬಹುದಾದಷ್ಟಕ್ಕೆ ಇಳಿದವು. ಒಂದರ ಸಾರದಲ್ಲಿ ‘ಅಕ್ಷರ’ ಎಂಬ ನಮ್ಮದೇ ಮಾತು ರೋಮನ್ ವೇಷದಲ್ಲಿ ಕುಳಿತಿತ್ತು. ಅದನ್ನೇ ಹಿಡಿದು ಮತ್ತೆ ಹುಡುಕಿದರೆ ಇನ್ನೊಂದು ಓಣಿ ತೆರೆಯಿತು. ಇಂಗ್ಲಿಷಿನಂತೆ ಬಿಡಿ ಧ್ವನಿಗೆ ಒಂದು ಗುರುತೂ ಅಲ್ಲ, ಇಡೀ ಉಚ್ಚಾರಕ್ಕೆ ಒಡೆಯಲಾಗದ ಒಂದು ಚಿತ್ರವೂ ಅಲ್ಲ, ಎರಡರ ಗುಣವೂ ಕೂಡಿದ ನಮ್ಮ ಲಿಪಿಗಳಿಗೆ ಆ ಪಂಡಿತರು ‘ಆಲ್ಫಾಸಿಲಬರಿ’ ಎನ್ನುತ್ತಾರೆ. ಆ ಹೆಸರನ್ನು 1990ರ ದಶಕದಲ್ಲಿ ರೂಢಿಗೆ ತಂದವರಲ್ಲಿ ಒಬ್ಬರು ವಿಲಿಯಂ ಬ್ರೈಟ್. 1958ರಲ್ಲಿ ಆಡುಗನ್ನಡದ ವ್ಯಾಕರಣದ ರೂಪರೇಖೆಯನ್ನು ಬರೆದ ಅದೇ ಬ್ರೈಟ್! ಭಾಷಾಶಾಸ್ತ್ರದ ಪತ್ರಿಕೆಗೆಂದು ಎಂ.ಎ. ತರಗತಿಯಲ್ಲಿ ಅವರ ಹೆಸರನ್ನು ಉರುಹೊಡೆದಿದ್ದ ನನಗೆ, ಪರಊರಿನ ಸಂತೆಯಲ್ಲಿ ನಮ್ಮೂರ ನೆಂಟರು ಸಿಕ್ಕಂತಾಯಿತು.

ಆ ಓಣಿಯಲ್ಲಿ ಸಿಕ್ಕ ಲೇಖನಗಳಲ್ಲಿ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ್ದು ಸೋನಾಲಿ ನಾಗ್ ಅವರು 2007ರಲ್ಲಿ ‘ಜರ್ನಲ್ ಆಫ್ ರಿಸರ್ಚ್ ಇನ್ ರೀಡಿಂಗ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ವಿಷಯ, ಮಕ್ಕಳು ಕನ್ನಡ ಓದಲು ಕಲಿಯುವ ವೇಗ. ಇಂಗ್ಲಿಷಿನ ಮಗು ತನ್ನ 26 ಅಕ್ಷರಗಳನ್ನು ಕಲಿತು ಮುಗಿಸುವಷ್ಟು ಬೇಗ ಕನ್ನಡದ ಮಗು ತನ್ನ ಅಕ್ಷರಗಳನ್ನು ಮುಗಿಸಲಾರದು, ಆ ಕಲಿಕೆ ಹಲವು ಇಯತ್ತೆಗಳವರೆಗೆ ನಡೆಯುತ್ತಲೇ ಇರುತ್ತದೆ, ಮಾತನ್ನು ಬಿಡಿಬಿಡಿ ಧ್ವನಿಗಳಾಗಿ ಒಡೆದು ಕೇಳುವ ಶಕ್ತಿಯೂ ನಿಧಾನವಾಗಿಯೇ ಮೂಡುತ್ತದೆ ಎಂಬುದು ಅದರ ತಿರುಳು.

ಓದಿ ಮುಗಿಸಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವರ್ಣಮಾಲೆಯಲ್ಲಿ 49 ಅಕ್ಷರ ಎಂದು ನಾವು ಹೇಳಿಕೊಡುತ್ತೇವೆ. ಮಗುವಿನ ಕಣ್ಣಿಗೆ ಬೀಳುವುದು 49 ಅಲ್ಲ. 34 ವ್ಯಂಜನಗಳಿಗೆ ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರುಸುಳಿ, ಏತ್ವ, ಓತ್ವಗಳೆಲ್ಲ ಸೇರಿದರೆ ಕಾಗುಣಿತವೇ ನಾನೂರನ್ನು ದಾಟುತ್ತದೆ. ಅದರ ಮೇಲೆ ಒತ್ತಕ್ಷರಗಳ ಸೈನ್ಯ. ‘ಸೂರ್ಯ’ವನ್ನೇ ನೋಡಿ. ನಾಲಗೆಗೆ ಮೊದಲು ಬರುವುದು ರಕಾರ, ಆಮೇಲೆ ಯಕಾರ. ಕಾಗದದ ಮೇಲೆ ಮೊದಲು ಯಕಾರ, ಅದರ ಬೆನ್ನಿಗೆ ಬಾಲದಂತೆ ಅರ್ಕಾವೊತ್ತು. ಎಡದಿಂದ ಬಲಕ್ಕೆ ಓದು ಎಂದು ನಾವೇ ಕಲಿಸಿದ ಪಾಠವನ್ನು ಅಳಿಯ ಚಾಚೂ ತಪ್ಪದೆ ಪಾಲಿಸಿದ್ದಾನೆ. ‘ಸೂಯರ’ ಎನ್ನದೆ ಅವನು ಇನ್ನೇನೆನ್ನಬೇಕು? ಹದಿಮೂರನೆಯ ಶತಮಾನದ ಕೇಶಿರಾಜ ಸ್ವರ ವ್ಯಂಜನಗಳನ್ನು ಬಿಡಿಸಿ ತೋರಿಸಿದ್ದನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುತ್ತೇನೆ. ಬಿಡಿಸಿದ್ದನ್ನು ಮತ್ತೆ ಕೂಡಿಸಿಕೊಳ್ಳುವ ಶ್ರಮ ಮಾತ್ರ ಎಳೆಯ ಮಕ್ಕಳ ಪಾಲಿಗೆ ಬಂದಿದೆ.

ಹೀಗೆ ಒಂದು ಲೇಖನದಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ನಮ್ಮವರಿಗೆ ಪರಿಚಿತವೇ. ಸಂಬಂಧ ಬೆಳೆಸುವಾಗ ಮನೆತನ ವಿಚಾರಿಸುತ್ತೇವಲ್ಲ, ಹಾಗೆ. ಲೇಖನದ ಕೊನೆಯಲ್ಲಿರುವ ಗ್ರಂಥಗಳ ಪಟ್ಟಿ ಅದರ ಅಜ್ಜ ಮುತ್ತಜ್ಜರನ್ನು ತೋರಿಸುತ್ತದೆ. ‘ಇದನ್ನು ಉಲ್ಲೇಖಿಸಿದವರು’ ಎಂಬ ಗುಂಡಿ ಒತ್ತಿದರೆ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಹಾಗೆ ವಿಚಾರಿಸುತ್ತ ಹೋದಾಗ, ಬೇರೆ ಬೇರೆ ಭಾಷೆಗಳಲ್ಲಿ ಓದು ಕೆಡುವ ಬಗೆಯನ್ನು ಹೋಲಿಸಿ 2003ರಲ್ಲಿ ಗ್ರಂಥ ಬರೆದ ಪ್ರತಿಭಾ ಕಾರಂತರು ಸಿಕ್ಕರು. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ಕನ್ನಡದ ಓದನ್ನು ಕುರಿತು ದುಡಿದ ಪ್ರಕಾಶ ಪಡಕಣ್ಣಾಯರು ಸಿಕ್ಕರು. ರೇಡಿಯೋದ ಗೋಪಾಲಸ್ವಾಮಿಯವರ ವಿಭಾಗವೇ ಅದು! ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿದ್ಯಾರ್ಥಿಗಳು ಬರೆದ ಪ್ರಬಂಧಗಳು ಜಾಲದಲ್ಲಿ ತೆರೆದೇ ಇವೆ. ಭಾರತದ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿವೆ. ನಮ್ಮ ಮಕ್ಕಳ ಕಷ್ಟವನ್ನು ಯಾರೂ ನೋಡಿಲ್ಲವೆಂದು ಗೊಣಗುವುದಕ್ಕೆ ಅವಕಾಶವಿಲ್ಲ. ನೋಡಿದ್ದಾರೆ, ಬರೆದಿದ್ದಾರೆ. ಬರೆದದ್ದು ಕನ್ನಡದ ಬಗ್ಗೆ, ಅಚ್ಚಾದದ್ದು ಇಂಗ್ಲಿಷಿನಲ್ಲಿ, ಎಷ್ಟೋ ವೇಳೆ ಇರುವುದು ಬೀಗ ಹಾಕಿದ ಕೋಣೆಯಲ್ಲಿ.

ಬೀಗವೆಂದೆ. ವಿದೇಶದ ಪ್ರಕಾಶಕರ ಪುಟವನ್ನು ತೆರೆದರೆ ಸಾರಾಂಶದ ಕೆಳಗೆ ಒಂದು ಪೆಟ್ಟಿಗೆ: ಈ ಲೇಖನಕ್ಕೆ ಮೂವತ್ತೋ ನಲವತ್ತೋ ಡಾಲರು. ಹೆಚ್ಚುಕಡಿಮೆ ಒಂದು ಕ್ವಿಂಟಲ್ ಜೋಳದ ಬೆಲೆ. ಜೋಳವನ್ನಾದರೆ ಒಂದು ಸಂಸಾರ ತಿಂಗಳುಗಟ್ಟಲೆ ಉಣ್ಣಬಹುದು. ಬರೆದವರಿಗೆ ಅದರಲ್ಲಿ ಕವಡೆಯೂ ಸೇರದೆಂದು ತಿಳಿದಾಗ ಇನ್ನಷ್ಟು ಸೋಜಿಗವಾಯಿತು. ಅನುದಾನಿತ ಕಾಲೇಜುಗಳಿಗೆಂದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದವರು ನಡೆಸುವ ‘ಎನ್-ಲಿಸ್ಟ್’ ಎಂಬ ಏರ್ಪಾಡಿನ ಕೀಲಿಕೈಯಿಂದ ಕೆಲವು ಬಾಗಿಲು ತೆರೆದವು, ಕೆಲವು ತೆರೆಯಲಿಲ್ಲ. 2024ರ ನವೆಂಬರ್ 25ರಂದು ಕೇಂದ್ರ ಮಂತ್ರಿಮಂಡಲ ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಸರಕಾರಿ ವಿಶ್ವವಿದ್ಯಾಲಯ, ಕಾಲೇಜುಗಳವರಿಗೆ ಅದು ದೊಡ್ಡ ಅನುಕೂಲ. ಅಂಥ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ಅಲ್ಲಿನ ಗ್ರಂಥಾಲಯದಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎರಡು ಲೇಖನಗಳನ್ನು ತೋರಿಸಿದಳು. ಇನ್ನೊಂದು ಎಲ್ಲಿಯೂ ಸಿಗದಾಗ ಬರೆದವರಿಗೇ ನಾಲ್ಕು ಸಾಲಿನ ಪತ್ರ ಬರೆದೆ. ಮೂರನೆಯ ದಿನ ಪ್ರತಿ ಬಂತು, ಮಗುವಿನ ಕ್ಷೇಮ ಕೇಳಿದ ಒಂದು ಸಾಲೂ ಬಂತು. ಇದು ಅಪರೂಪವಲ್ಲವಂತೆ. ತಮ್ಮ ಲೇಖನವನ್ನು ಯಾರಾದರೂ ಓದುವರೆಂದರೆ ವಿದ್ವಾಂಸರಿಗೆ ಪರಮಾನಂದ. ನನಗೂ ಹಾಗೆಯೇ.

ಸಿಕ್ಕಿದ್ದೆಲ್ಲ ಚಿನ್ನವೂ ಅಲ್ಲ. ಹಣ ಪಡೆದು, ಯಾರೂ ಓದದೆ, ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಈ ಲೋಕದಲ್ಲಿ ಧಾರಾಳವಾಗಿವೆ. ‘ಮಾನ್ಯರೆ, ತಮ್ಮ ಅಮೂಲ್ಯ ಲೇಖನವನ್ನು ಏಳು ದಿನದಲ್ಲಿ ಪ್ರಕಟಿಸುತ್ತೇವೆ’ ಎಂಬ ಆಹ್ವಾನ ನನ್ನಂಥ ಕನ್ನಡದವನಿಗೂ ಹೃದ್ರೋಗದ ಪತ್ರಿಕೆಯೊಂದರಿಂದ ಬಂದಿತ್ತು. ಪರೀಕ್ಷೆ ಸರಳ: ಎಷ್ಟು ಮಕ್ಕಳನ್ನು ನೋಡಿದರು, ಹೇಗೆ ಆರಿಸಿದರು, ತಮ್ಮ ಕೆಲಸದ ಮಿತಿಯೇನೆಂದು ಒಪ್ಪಿಕೊಂಡರೇ ಎಂದು ನೋಡುವುದು. ಮಿತಿಯನ್ನೇ ಹೇಳದ ಲೇಖನವನ್ನು ನಾನು ಪುಡಿ ಮಾರುವವರ ಸಾಲಿಗೆ ಸೇರಿಸಿದೆ.

ಇಷ್ಟೆಲ್ಲ ಓದಿದ ಮೇಲೂ ಅಳಿಯನಿಗೆ ಇರುವುದು ಇಂಥದೇ ಎಂದು ಹೇಳಲು ಬರುವುದಿಲ್ಲ. ಲೇಖನಗಳು ನೂರು ಮಕ್ಕಳ ಮಾತು ಹೇಳುತ್ತವೆ. ನೂರೊಂದನೆಯವನ ಮಾತನ್ನು ಅವನನ್ನು ಎದುರಿಗೆ ಕೂರಿಸಿಕೊಂಡವರೇ ಹೇಳಬೇಕು. ಅದು ಓದಿನ ನ್ಯೂನತೆಯೇ ಇರಬಹುದು. ಕನ್ನಡದ ಅಕ್ಷರಗಳಿಗೆ ಬೇಕಾದಷ್ಟು ಕಾಲವನ್ನು ಕೊಡದೆ ಮುಂದೆ ದೂಡಿದ್ದರ ಫಲವೂ ಇರಬಹುದು. ಇವೆರಡಕ್ಕೂ ಮದ್ದು ಬೇರೆ. ಆದರೆ ಎರಡರಲ್ಲಿ ಯಾವುದಕ್ಕೂ ದಡ್ಡತನವೆಂಬ ಹೆಸರು ಹೊಂದುವುದಿಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಬಹುದಾಗಿತ್ತು. ಹೇಳಿದೆ.

ಹೇಳಿದ್ದು ಬಾಯಿಮಾತಿನಲ್ಲಿ ಅಲ್ಲ. ಎರಡು ಪುಟದ ಕನ್ನಡ ಟಿಪ್ಪಣಿಯನ್ನು ಬರೆದು, ಒಂದು ಪ್ರತಿಯನ್ನು ಸಾಲಿಗೂ ಒಂದನ್ನು ಭಾವನವರಿಗೂ ಕೊಟ್ಟೆ. ಪರ್ಸಿಯ ಕಥೆಯಿಂದ ಆರಂಭಿಸಿ ಅರ್ಕಾವೊತ್ತಿನವರೆಗೆ ತಂದಿದ್ದೆ. ಸಾಲಿಯಲ್ಲಿ ಒಬ್ಬ ಎಳೆಯ ಅಕ್ಕೋರು ಅದನ್ನು ಓದಿ, ಹುಡುಗನಿಗೆ ವಿಜ್ಞಾನ, ಸಮಾಜಗಳನ್ನು ಬಾಯಿಮಾತಿನಲ್ಲಿ ಕೇಳುತ್ತೇನೆಂದೂ ದಿನಕ್ಕೆ ಮೂರೇ ಒತ್ತಕ್ಷರಗಳನ್ನು ಕಲಿಸುತ್ತೇನೆಂದೂ ತಾವಾಗಿಯೇ ಒಪ್ಪಿಕೊಂಡರು. ಬಿರುದು ಕೊಟ್ಟ ಮಾಸ್ತರರು ಓದಿದರೋ ಇಲ್ಲವೋ, ಟಿಪ್ಪಣಿ ಮಡಿಕೆಯ ಗೆರೆಯೂ ಕೆಡದೆ ಮರಳಿ ಬಂತು. ಭಾವನವರು ಮಾತ್ರ ಎರಡು ಸಲ ಓದಿದರು. ಆಮೇಲೆ ಮಗನನ್ನು ಕರೆದು, “ಏಳುನೂರಾ ನಲವತ್ತೊಂಬತ್ತಕ್ಕ ಎಂಟುನೂರಾ ಅರವತ್ತೇಳಲೆ ಗುಣಿಸಿದರ ಎಷ್ಟೋ?” ಎಂದು ಕೇಳಿದರು. ಹುಡುಗ ಕಣ್ಣು ಮುಚ್ಚಿಕೊಂಡು, ತುಟಿ ಅಲುಗಿಸುತ್ತ, ಬೆರಳಿನ ಗಿಣ್ಣುಗಳ ಮೇಲೆ ಏನನ್ನೋ ಹಿಡಿದುಕೊಂಡು, ಬಹಳ ಹೊತ್ತಿನ ಮೇಲೆ ಹೇಳಿದ ಉತ್ತರದಲ್ಲಿ ನೂರರ ಸ್ಥಾನ ಒಂದು ತಪ್ಪಿತ್ತು. ಭಾವನವರು ಮೊಬೈಲಿನಲ್ಲಿ ತಾಳೆ ನೋಡಿ, ಮಗನ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಗ್ಯಾರೇಜಿನ ಮಾತು ಆಮೇಲೆ ಬಂದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಮುಂದಿನ ತಿಂಗಳು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿದೆ. ಬಸ್ಸಿಗೆ ಬೇಡ, ಕಾರು ಮಾಡೋಣವೆಂದು ಭಾವನವರೇ ಅಂದರು.

ಕಳೆದ ರವಿವಾರ ಗೊಳಸಂಗಿಗೆ ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅಳಿಯ ಒಲೆಯ ಪಕ್ಕದಲ್ಲಿ ಕುಳಿತು, ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ‘ಸೂ...ರ್...ಯ’ ಎಂದು ಜಗ್ಗುತ್ತಿದ್ದ. ಅಕ್ಕ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು:

“ತಮ್ಮಾ, ನಮ್ಮ ಎದುರುಮನಿ ಹುಡುಗಿ ಐತೆಲ್ಲಾ, ಮನ್ಯಾಗ ಪಟಪಟ ಮಾತಾಡತೈತಿ. ಸಾಲ್ಯಾಗ ಕಾಲಿಟ್ಟಿತಂದ್ರ ಬಾಯಿನ ತಗಿಯಂಗಿಲ್ಲಂತ. ಒಂದು ವರ್ಷಾತು. ಅವರವ್ವ ಅಳತಾಳ. ಅದಕ್ಕ ಅವರ ಭಾಷಾದಾಗ ಏನಂತಾರೋ?”

ನಾನು ಅಂಗಿಯ ಕಿಸೆಯಿಂದ ಪೆನ್ನು ತೆಗೆದು, ಆ ಮಗುವಿನ ವಯಸ್ಸೆಷ್ಟು ಎಂದು ಕೇಳಿದೆ.